ಕಾಲೇಜಿನ ಫಾರ್ಮಲ್ಲಿ ಆ ಒಂದು ಬಾಕ್ಸ್ ಟಿಕ್ ಮಾಡ್ರಿ: ದಾವಣಗೆರೆ, ದುರ್ಗದಿಂದ ಇಂಗ್ಲೆಂಡಿಗೆ ಬರೋರಿಗೆ

ಹೋದ ತಿಂಗಳು ರಜೆಗೆ ದಾವಣಗೆರೆಗೆ ಹೋಗಿದ್ದೆ, ಮನೆಗೆ ಬಂದೋರೆಲ್ಲ ಕೇಳಿದ್ದು ಅದೇ, ಅಲ್ಲಿ ಚಳಿ ಹೆಂಗೆ, ಬಾಡಿಗೆ ಎಷ್ಟು, ಸೋನಾಮಸೂರಿ ಸಿಗುತ್ತಾ. ಚಿತ್ರದುರ್ಗದ ಕಡೆ ಹುಡುಗಿ ಒಬ್ಳು, ನನ್ನ ಥರನೇ ನರ್ಸು, ಎಲ್ರೂ ಮಂಡಕ್ಕಿ ಮಿರ್ಚಿ ತಿಂದು ಎದ್ದು ಹೋಗೋವರ್ಗೂ ಕಾದು ಕೂತಿದ್ಲು. ಆಮೇಲೆ ಮೆಲ್ಲಗೆ, "ಅಕ್ಕ, ನಮ್ಮನೆಯವ್ರಿಗೆ ಓದೋದು ಬರೆಯೋದು ಸ್ವಲ್ಪ ಕಷ್ಟ, ಅಲ್ಲಿಗೆ ಬಂದು ಏನಾದ್ರೂ ಕಲಿಯಕ್ಕಾಗುತ್ತಾ, ಖರ್ಚು ಹೆಂಗೆ" ಅಂದ್ಲು. ಅವ್ಳಿಗೆ ಹೇಳಿದ್ದನ್ನೇ ಇಲ್ಲೂ ಬರೀತೀನಿ, ಯಾಕಂದ್ರೆ ಈ ಪ್ರಶ್ನೆನ ಹತ್ತು ಜನರ ಮುಂದೆ ಯಾರೂ ಕೇಳಲ್ಲ.

ನಮ್ಮನೆ ಕಥೆಯಿಂದಲೇ ಶುರು ಮಾಡ್ತೀನಿ. ನಮ್ಮನೆಯವ್ರು ಊರಲ್ಲಿ ಮಂಡಕ್ಕಿ ವ್ಯಾಪಾರ ಮಾಡ್ತಿದ್ರು, ಚೀಲದ ಲೆಕ್ಕ ಬಾಯಲ್ಲೇ ಪಟಪಟ ಹೇಳೋರು, ಆದ್ರೆ ಒಂದು ಪುಟ ಓದು ಅಂದ್ರೆ ಬೆವರೋರು. ಸ್ಕೂಲಲ್ಲಿ ದಡ್ಡ ಅಂತ ಹಿಂದಿನ ಬೆಂಚಿಗೆ ಹಾಕಿದ್ರಂತೆ. ಇಲ್ಲಿಗೆ ಬಂದ ಮೊದಲ ವರ್ಷ ಒಂದು ಕಾಲೇಜಲ್ಲಿ ದುಡ್ಡು ಕಟ್ಟಿ ಈಸಾಲ್ ಕ್ಲಾಸಿಗೆ ಸೇರಿದ್ರು, ಅಂದ್ರೆ ಬೇರೆ ಭಾಷೆಯೋರಿಗೆ ಇಂಗ್ಲಿಷ್ ಕಲಿಸೋ ಕ್ಲಾಸು, ಅಲ್ಲಿ ಎಷ್ಟು ತಿಣುಕಿದ್ರೂ ಇಂಗ್ಲಿಷ್ ವೀಕ್ ಇನ್ನೂ ಪ್ರಾಕ್ಟೀಸ್ ಮಾಡಿ ಅಂದ್ರೇ ಹೊರತು ಬೇರೇನೂ ಯೋಚ್ನೆ ಮಾಡ್ಲಿಲ್ಲ, ಇವ್ರು ಎರಡನೇ ಟರ್ಮಿಗೇ ಬಿಟ್ಬಿಟ್ರು. ಕೆಲವು ವರ್ಷ ಆದ್ಮೇಲೆ ಇನ್ನೊಂದು ಕಾಲೇಜಿನ ಟೀಚರಮ್ಮ ಸುಮ್ನೆ ಒಂದು ಮಾತು ಕೇಳಿದ್ರು, ನಿಮ್ಮ ಭಾಷೆ ಪೇಪರ್ ಸಲೀಸಾಗಿ ಓದ್ತೀರಾ ಅಂತ. ಇವ್ರು ನಕ್ಕು, ಪ್ರಜಾವಾಣಿ ಒಂದು ಪುಟಕ್ಕೆ ಅರ್ಧ ದಿನ ಬೇಕು ಮೇಡಂ, ಒತ್ತಕ್ಷರ ಎಲ್ಲ ಒಂದ್ರ ಮೇಲೊಂದು ಕುಣಿತಾವೆ ಅಂದ್ರು. ಡಿಸ್ಲೆಕ್ಸಿಯಾ, ಅಂದ್ರೆ ಬುದ್ಧಿ ಚುರುಕಿದ್ರೂ ಓದೋದು ಬರೆಯೋದು ಕಷ್ಟ ಆಗೋ ತೊಂದ್ರೆ, ಇರ್ಬಹುದು ಅನ್ನೋ ಮಾತು ನಮ್ಮ ಕಿವಿಗೆ ಬಿದ್ದಿದ್ದು ಆವತ್ತೇ, ಆಗ ಅವ್ರಿಗೆ 38 ವರ್ಷ.

ಅದಕ್ಕೇ ಹೇಳೋದು, ಕನ್ನಡದಲ್ಲೂ ಕಷ್ಟ ಇತ್ತು ಅಂತ ನೀವೇ ಬಾಯಿಬಿಟ್ಟು ಹೇಳ್ರಿ. ಹೇಳ್ದಿದ್ರೆ ಇಲ್ಲಿಯೋರು ಎಲ್ಲಾನೂ ಇಂಗ್ಲಿಷ್ ಮೇಲೆ ಹಾಕ್ತಾರೆ. ಅಡ್ಮಿಷನ್ ಫಾರ್ಮಲ್ಲಿ ಲರ್ನಿಂಗ್ ಡಿಫಿಕಲ್ಟಿ, ಡಿಸಬಿಲಿಟಿ ಅಥವಾ ಹೆಲ್ತ್ ಪ್ರಾಬ್ಲಂ ಐತಾ ಅಂತ ಒಂದು ಬಾಕ್ಸ್ ಇರುತ್ತೆ, ನಮ್ಮೋರು ಎಲ್ರೂ ಇಲ್ಲ ಅಂತ ಟಿಕ್ ಮಾಡಿ ಮುಂದಕ್ಕೆ ಹೋಗ್ತಾರೆ. ಹೆದರಿಕೆ ವೀಸಾದ್ದು. ಅದು ಕಾಲೇಜಿನ ಫಾರ್ಮು ಕಣ್ರೀ, ವೀಸಾ ಅರ್ಜಿ ಅಲ್ಲ, ಹೌದು ಅಂತಲೇ ಟಿಕ್ ಮಾಡ್ರಿ.

ಈಗ ದುಡ್ಡಿನ ವಿಷಯ. ಇಂಗ್ಲೆಂಡಲ್ಲಿ 19 ವರ್ಷ ತುಂಬಿದೋರ ಕಲಿಕೆಗೆ ಅಡಲ್ಟ್ ಸ್ಕಿಲ್ಸ್ ಫಂಡ್ ಅಂತ ಐತೆ, 2024ರ ಆಗಸ್ಟಿಂದ ಈ ಹೆಸರು. ಇಂಗ್ಲಿಷು, ಮ್ಯಾಥ್ಸಲ್ಲಿ ಇಲ್ಲಿನ ಹತ್ತನೇ ಕ್ಲಾಸಿನ ಮಟ್ಟ, ಅಂದ್ರೆ ಜಿಸಿಎಸ್ಇ ಗ್ರೇಡ್ 4, ಇಲ್ದೋರಿಗೆ ಅದೇ ಮಟ್ಟದ ಲೆವೆಲ್ 2ವರೆಗೆ ಫೀಸಿಲ್ಲ. ಆದ್ರೆ ನಮ್ಮಂಥೋರು ಸಾಮಾನ್ಯವಾಗಿ 3 ವರ್ಷ ಇಲ್ಲೇ ವಾಸ ಇದ್ದಿರ್ಬೇಕು, ಅದೂ ಓದೋ ವೀಸಾ ಅಲ್ಲದ ಪರ್ಮಿಷನ್ ಮೇಲೆ. ಡಿಪೆಂಡೆಂಟ್ ಆಗಿ, ಅಂದ್ರೆ ಕೆಲ್ಸಕ್ಕೆ ಬಂದೋರ ಜೊತೆ ಬಂದ ಗಂಡ, ಹೆಂಡ್ತಿ ಈ 3 ವರ್ಷ ಲೆಕ್ಕ ಇಟ್ಕೊಳ್ರಿ, ಪಾಸ್‌ಪೋರ್ಟು, ಬಾಡಿಗೆ ಕರಾರು ಬಿಸಾಕಬೇಡ್ರಿ. ಲಂಡನ್, ಮ್ಯಾಂಚೆಸ್ಟರ್ ಕಡೆ ಈ ಫಂಡು ಅಲ್ಲಿನ ಮೇಯರ್ ಕೈಲಿ ಇರುತ್ತೆ, ರೂಲ್ಸ್ ಸ್ವಲ್ಪ ಹಿಂದೆ ಮುಂದೆ. ಸ್ಕಾಟ್ಲೆಂಡು, ವೇಲ್ಸಿನ ಪದ್ಧತಿ ಪೂರ್ತಿ ಬೇರೆ.

ಈ ಫಂಡೊಳಗೇ ಅವಳಿಜವಳಿ ಥರ ಎರಡು ಹೆಸರು ಐತೆ, ಎಲ್ರೂ ಗೊಂದಲ ಮಾಡ್ಕೊಳ್ತಾರೆ. ಲರ್ನರ್ ಸಪೋರ್ಟ್ ಅಂದ್ರೆ ಬಸ್ಸು, ಪುಸ್ತಕ, ಮಗು ನೋಡ್ಕೊಳ್ಳೋ ಖರ್ಚು ಅಂಥದ್ದಕ್ಕೆ ಕಷ್ಟದಲ್ಲಿರೋರಿಗೆ ಕಾಲೇಜು ನೋಡಿ ಕೊಡೋದು. ಲರ್ನಿಂಗ್ ಸಪೋರ್ಟ್ ಅಂದ್ರೆ ಓದೋ ತೊಂದ್ರೆ ಇರೋರಿಗೆ ಬೇಕಾಗೋ ವ್ಯವಸ್ಥೆ, ಅದಕ್ಕೆ ಕಾಲೇಜಿಗೆ ತಿಂಗಳಿಗೆ 150 ಪೌಂಡ್ ಫಿಕ್ಸ್ ರೇಟ್ ಸಿಗುತ್ತೆ, ಅದಕ್ಕಿಂತ ಹೆಚ್ಚು ಖರ್ಚಾದ್ರೆ ಅದನ್ನೂ ಕ್ಲೇಮ್ ಮಾಡ್ಬಹುದು. ಆ ದುಡ್ಡು ನಿಮ್ಮ ಅಕೌಂಟಿಗೆ ಬರಲ್ಲ, ನಮ್ಮತ್ತೆ ಅಂತೂ ತಿಂಗಳಾ ತಿಂಗಳಾ ಬಂತಾ ಬಂತಾ ಅಂತ ಫೋನ್ ಮಾಡೋರು. ಅದ್ರಲ್ಲಿ ಪಕ್ಕ ಕೂತು ಹೇಳಿಕೊಡೋರು ಸಿಗ್ಬಹುದು, ಗಟ್ಟಿಯಾಗಿ ಓದಿ ಹೇಳೋ ಸಾಫ್ಟ್‌ವೇರ್ ಸಿಗ್ಬಹುದು. ಪರೀಕ್ಷೆಗೆ ಕಾಲೇಜಿನೋರು ಬೇರೆಯಾಗಿ ಅರ್ಜಿ ಹಾಕಿದ್ರು, ನಮ್ಮನೆಯವ್ರಿಗೆ 25% ಎಕ್ಸ್‌ಟ್ರಾ ಟೈಮ್ ಸಿಕ್ತು. ಲರ್ನಿಂಗ್ ಸಪೋರ್ಟಿಗೆ ದೊಡ್ಡ ಡಾಕ್ಟರ್ ಸರ್ಟಿಫಿಕೇಟೇ ಬೇಕು ಅಂತೇನಿಲ್ಲ, ಕಾಲೇಜೇ ಅಸೆಸ್ ಮಾಡಿ ಬರ್ಕೊಳ್ಳುತ್ತೆ. ನೂರಾರು ಪೌಂಡ್ ಕೊಟ್ಟು ಪ್ರೈವೇಟ್ ಟೆಸ್ಟಿಗೆ ಮೊದಲೇ ಓಡಬೇಡ್ರಿ.

ಡಿಗ್ರಿ ಮಾಡೋರಿಗೆ ಡಿಸೇಬಲ್ಡ್ ಸ್ಟೂಡೆಂಟ್ಸ್ ಅಲೋಯನ್ಸ್ ಅಂತ ಬೇರೆ ಐತೆ, 2025-26ಕ್ಕೆ ಜಾಸ್ತಿ ಅಂದ್ರೆ 27,783 ಪೌಂಡ್, ವಾಪಸ್ ಕಟ್ಟಂಗಿಲ್ಲ, ಮನೆ ಆದಾಯನೂ ಕೇಳಲ್ಲ, ಕಂಪ್ಯೂಟರ್ ಕೊಡ್ಸಿದ್ರೆ ಮೊದಲ 200 ಪೌಂಡ್ ಮಾತ್ರ ನಮ್ದು. ಇದಕ್ಕೆ ಡಿಸ್ಲೆಕ್ಸಿಯಾದ ರಿಪೋರ್ಟ್ ಬೇಕೇ ಬೇಕು. ಸ್ಟೂಡೆಂಟ್ ವೀಸಾದಲ್ಲಿ ಬಂದೋರಿಗೆ ಇದು ಸಿಗಲ್ಲ. ಹಂಗಂತ ಸುಮ್ನಿರಬೇಡ್ರಿ, 2010ರ ಈಕ್ವಾಲಿಟಿ ಆಕ್ಟ್ ಪ್ರಕಾರ ಯೂನಿವರ್ಸಿಟಿ ನಿಮಗೂ ತಕ್ಕ ವ್ಯವಸ್ಥೆ ಮಾಡ್ಲೇಬೇಕು, ಅದಕ್ಕೆ ನಿಮ್ಮತ್ರ ದುಡ್ಡು ಕೇಳಂಗಿಲ್ಲ.

ವೀಸಾದಲ್ಲಿ ಪಬ್ಲಿಕ್ ಫಂಡ್ಸ್ ಇಲ್ಲ ಅಂತ ಇರೋದು ನೋಡಿ ಗಾಬರಿ ಬೀಳೋರಿಗೆ ಒಂದು ಮಾತು. ಪಬ್ಲಿಕ್ ಫಂಡ್ಸ್ ಅಂದ್ರೆ ಅಂಥ ವೀಸಾದೋರು ತಗೊಳ್ಳಬಾರದ ಸರ್ಕಾರಿ ಬೆನಿಫಿಟ್ಟುಗಳ ಒಂದು ಲಿಸ್ಟು, ಕಾಲೇಜಿನ ಈ ಫಂಡು ಅದ್ರಲ್ಲಿಲ್ಲ. ಆದ್ರೆ ಪಿಪ್ ಅಂತ ಅಂಗವಿಕಲರಿಗೆ ಕೊಡೋ ಬೆನಿಫಿಟ್ ಐತಲ್ಲ, ಅದು ಆ ಲಿಸ್ಟಲ್ಲಿ ಐತೆ. ಯಾರೋ ವಾಟ್ಸಾಪಲ್ಲಿ ಹೇಳಿದ್ರು ಅಂತ ಅದಕ್ಕೆ ಅರ್ಜಿ ಹಾಕಿ ಸಿಕ್ಕಾಕೊಳ್ಳಬೇಡ್ರಿ.

ಊರು ಬಿಡೋ ಮುಂಚೆ ಕಾಗದ ಹುಡುಕ್ರಿ. ನಮ್ಮ ದೇಶದಲ್ಲೂ ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಕಲಿಕಾ ನ್ಯೂನತೆ ಸೇರಿದೆ, ಯುಡಿಐಡಿ ಕಾರ್ಡ್, ಅಂದ್ರೆ ಸರ್ಕಾರ ಕೊಡೋ ಅಂಗವಿಕಲರ ಗುರುತಿನ ಚೀಟಿ, ಇದ್ರೂ ಇಂಗ್ಲೆಂಡಲ್ಲಿ ಅದರಿಂದ ಹಕ್ಕು ಬರಲ್ಲ, ಆದ್ರೆ ಅದರ ಹಿಂದಿನ ಡಾಕ್ಟರ್ ರಿಪೋರ್ಟು ಕೆಲ್ಸಕ್ಕೆ ಬರುತ್ತೆ. ನಿಮ್ಹಾನ್ಸಲ್ಲೋ ಮೈಸೂರಿನ ವಾಕ್ ಶ್ರವಣ ಸಂಸ್ಥೇಲೋ ಎಂದೋ ತೋರಿಸಿದ್ರೆ ಆ ಚೀಟಿ, ಎಸ್ಸೆಸ್ಸೆಲ್ಸಿಲಿ ಎಕ್ಸ್‌ಟ್ರಾ ಟೈಮ್ ತಗೊಂಡಿದ್ರೆ ಆ ಪತ್ರ, ಎಲ್ಲ ಸ್ಕ್ಯಾನ್ ಮಾಡಿ ಇಟ್ಕೊಳ್ರಿ. ಏನೂ ಇಲ್ದಿದ್ರೂ ಪರವಾಗಿಲ್ಲ, ನಮ್ಮನೆಯವ್ರ ಹತ್ರ ಫೇಲಾದ ಮಾರ್ಕ್ಸ್ ಕಾರ್ಡ್ ಬಿಟ್ರೆ ಇನ್ನೇನಿತ್ತು.

ಕ್ಲಾಸು ಸೆಪ್ಟೆಂಬರಲ್ಲಿ ಶುರು, ಹಂಗಾಗಿ ಆಗಸ್ಟಲ್ಲೇ ಕಾಲೇಜಿಗೆ ಹೋಗ್ರಿ, ರಿಸೆಪ್ಷನ್‌ನಲ್ಲಿ ಕೋರ್ಸ್ ಕೇಳೋಕ್ಕಿಂತ ಮುಂಚೆ ಲರ್ನಿಂಗ್ ಸಪೋರ್ಟ್ ಟೀಮ್ ಹತ್ರ ಮಾತಾಡ್ಬೇಕು ಅನ್ರಿ. ಆ ದುರ್ಗದ ಹುಡುಗಿ ಇದನ್ನ ಕೈ ಮೇಲೆ ಪೆನ್ನಲ್ಲಿ ಬರ್ಕೊಂಡ್ಲು, ಅವ್ಳ ಗಂಡ ಹೊರಗೆ ಬೈಕ್ ಸ್ಟಾರ್ಟ್ ಮಾಡ್ಕೊಂಡು ಕಾಯ್ತಿದ್ದ.