ಕೆಟ್ಟುಹೋದ ಕನ್ನಡ ಡೇಟಾಬೇಸನ್ನು ಮತ್ತೆ ಟೈಪ್ ಮಾಡಿಸದೆ ಸರಿಪಡಿಸಿದ್ದು: ನನ್ನ ಅನುಭವ

ನಮ್ಮ ಮೈಎಸ್‌ಕ್ಯೂಎಲ್ ಡೇಟಾಬೇಸಿನ ಟೇಬಲ್ಲಿನ ಕನ್ನಡವೆಲ್ಲ ತಲೆ ಮೇಲೆ ಓರೆ ಗೆರೆಯಿರುವ ಇಂಗ್ಲಿಷ್ ಎ (à), ಪುಟ್ಟ 2 (²), ಪುಟ್ಟ 3 (³) ಆಗಿ ಕೂತಿತ್ತು. ‘ಇದು ಮುಗಿದ ಕಥೆ, ಮತ್ತೆ ಟೈಪ್ ಮಾಡಿಸಿ’ ಅಂದವರೇ ಎಲ್ಲ. ಟೈಪಿಂಗಿಗೆ ಕೇಳಿದ ದುಡ್ಡು ಸರ್ವರಿನ ವರ್ಷದ ಬಾಡಿಗೆಯನ್ನೇ ಮೀರಿಸುತ್ತಿತ್ತು. ಪೈಸೆ ಖರ್ಚಿಲ್ಲದೆ ನೂರಕ್ಕೆ ತೊಂಬತ್ತೈದರ ಮೇಲೆ ಸಾಲುಗಳು ವಾಪಸ್ ಬಂದವು.

ಕಂಪ್ಯೂಟರ್ ಅಕ್ಷರಗಳನ್ನು ಬೈಟುಗಳಾಗಿ, ಅಂದರೆ 0–255ರ ಸಂಖ್ಯೆಗಳಾಗಿ ಇಡುತ್ತದೆ; ಕ ಅಂದರೆ ಯುಟಿಎಫ್-8 ಪದ್ಧತಿಯಲ್ಲಿ 224, 178, 149. ಬೈಟಿಗೊಂದು ಅಕ್ಷರವೆಂದು ಓದುವ ಲ್ಯಾಟಿನ್1 ಕಾಲಮ್ಮಿನಲ್ಲಿದ್ದ ಈ ಬೈಟುಗಳನ್ನು ಯಾರೋ ನೇರವಾಗಿ ಯುಟಿಎಫ್8ಎಂಬಿ4ಗೆ (ಮೈಎಸ್‌ಕ್ಯೂಎಲ್‌ನ ಪೂರ್ಣ ಯುಟಿಎಫ್-8) ಬದಲಿಸಿದ್ದರು. ಒಂದೊಂದು ಬೈಟೂ ಒಂದೊಂದು ಅಕ್ಷರವಾಗಿಬಿಟ್ಟಿತ್ತು. ಇಂಗ್ಲಿಷ್ 127ರೊಳಗೇ ಇರುವುದರಿಂದ ಅದಕ್ಕೆ ಏನೂ ಆಗಿರಲಿಲ್ಲ.

ಪೈಥಾನ್ ಪ್ರೋಗ್ರಾಮಿನಲ್ಲಿ ವಿಂಡೋಸ್-1252 (ಲ್ಯಾಟಿನ್1ಗೆ ಹತ್ತಿರದ ಅಕ್ಷರಪಟ್ಟಿ) ಹಾಕಿ ಹಿಂದಕ್ಕೆ ತಿರುಗಿಸಲು ಹೋದರೆ ಪ್ರತಿ ಒತ್ತಕ್ಷರದಲ್ಲೂ ಎರರ್. ಆ ಪಟ್ಟಿಯಲ್ಲಿ 129, 141, 143, 144, 157 ಖಾಲಿ ಜಾಗಗಳು. ನಮ್ಮ ದುರದೃಷ್ಟಕ್ಕೆ ಅರ್ಧಾಕ್ಷರದ ಚಿಹ್ನೆಯ ಕೊನೆಯ ಬೈಟು 141, ಉಕಾರದ್ದು 129. ‘ಮತ್ತು’ ಎಂಬ ಒಂದೇ ಪದದಲ್ಲಿ ಎರಡು ಏಟು! ಏ, ಐ, ಝ ಕೂಡ ಇದೇ ಗುಂಡಿಗೆ ಬೀಳುತ್ತವೆ. ಮೈಎಸ್‌ಕ್ಯೂಎಲ್‌ನ ಲ್ಯಾಟಿನ್1 ಮಾತ್ರ ಆ ಐದನ್ನೂ ಅದೇ ಸಂಖ್ಯೆಯಲ್ಲೇ ಉಳಿಸಿಕೊಳ್ಳುತ್ತದೆ. ಹಾಗಾಗಿ ಕೆಲಸ ಡೇಟಾಬೇಸಿನೊಳಗೇ ಆಗಬೇಕು: ಮೊದಲು ಲ್ಯಾಟಿನ್1ಗೆ ಕನ್ವರ್ಟ್, ಆಮೇಲೆ ಬೈನರಿಗೆ (ಬರಿ ಬೈಟುಗಳಿಗೆ) ಕಾಸ್ಟ್, ಕೊನೆಗೆ ಯುಟಿಎಫ್8ಎಂಬಿ4.

ಓರೆ ಗೆರೆಯ ಎ ಪಕ್ಕ ಪುಟ್ಟ 2 ಅಥವಾ 3 ಇರುವ ಸಾಲುಗಳಿಗೆ ಮಾತ್ರ ಓಡಿಸಿ. ಸರಿಯಾಗಿದ್ದ ಕನ್ನಡದ ಮೇಲೆ ಓಡಿಸಿದರೆ ಎಲ್ಲ ಪ್ರಶ್ನಾರ್ಥಕ ಚಿಹ್ನೆ, ಮತ್ತೆ ಬ್ಯಾಕಪ್ಪೇ ಗತಿ. 100 ಅಕ್ಷರದ ಮಿತಿಯ ಕಾಲಮ್ಮಿನಲ್ಲಿ 33 ಕನ್ನಡ ಅಕ್ಷರ (ಕಾಗುಣಿತದ, ಅರ್ಧಾಕ್ಷರದ ಚಿಹ್ನೆಗಳೂ ಲೆಕ್ಕಕ್ಕೆ) ಮುಗಿದ ಮೇಲೆ ಒಂದು ಒಂಟಿ 224 ಉಳಿದು ಆ ಕಾಲಮ್ಮಿನ ಇಡೀ ಪಠ್ಯ ನಲ್ (ಖಾಲಿ) ಆಗುತ್ತದೆ; ಬಾಲ ಮೊದಲೇ ಕತ್ತರಿಸಿಡಿ.

ಒಮ್ಮೆ ಸಿಎಸ್‌ವಿ ಫೈಲಿಗೆ (ಅಲ್ಪವಿರಾಮದಿಂದ ಬೇರ್ಪಡಿಸಿದ ಪಠ್ಯ) ಹೋಗಿ ಬಂದ ಸಾಲುಗಳೇ ನಿಜವಾದ ತಲೆನೋವು. ಠ ಕೊನೆಯ ಬೈಟು 160, ಅಂದರೆ ಮುರಿಯದ ಸ್ಪೇಸ್. ಸಾಲಿನ ಕೊನೆಯ ಸ್ಪೇಸ್ ಟ್ರಿಮ್ ಮಾಡಿದರೆ ‘ಮಠ’ ಹೋಯಿತು. ಭ ಕೊನೆಯದು 173, ಕಣ್ಣಿಗೆ ಕಾಣದ ಹೈಫನ್; ಅದನ್ನು ಕೆಲವು ಎಡಿಟರುಗಳು ಸದ್ದಿಲ್ಲದೆ ನುಂಗುತ್ತವೆ. 141, 129 ಎರಡೂ ಪ್ರಶ್ನಾರ್ಥಕವಾಗಿದ್ದ ಕಡೆ ಊಹೆಯೇ ದಾರಿ: ಎರಡೂ ಬದಿ ಒಂದೇ ವ್ಯಂಜನವಿದ್ದರೆ ಅರ್ಧಾಕ್ಷರ, ಪದದ ಕೊನೆಯಲ್ಲಿದ್ದರೆ ಉಕಾರ. ಮಿಕ್ಕಿದ್ದಕ್ಕೆ ಯಾವುದು ಸರಿಯಿದ್ದೀತೆಂದು ಅಂಕ ಕೊಟ್ಟು ಆರಿಸಿದೆ; ಆ ಲೆಕ್ಕ ನನ್ನ ಹತ್ತಿರವೇ ಇರಲಿ.

ಹೀಗೇ ಕುತೂಹಲಕ್ಕೆ ಐಎಸ್ಒ ಲ್ಯಾಟಿನ್-1ರಲ್ಲೂ (ಮೈಎಸ್‌ಕ್ಯೂಎಲ್‌ನ ಲ್ಯಾಟಿನ್1 ಬೇರೆ) ಓದಿಸಿ ನೋಡಿದೆ. ಅಲ್ಲಿ ಅ ಕೊನೆಯ 133 ಹೊಸ ಸಾಲಿನ ಸಂಕೇತ, ಪಠ್ಯವನ್ನು ಸಾಲುಗಳಾಗಿ ಒಡೆಯುವ ಪೈಥಾನಿನ ಸ್ಪ್ಲಿಟ್‌ಲೈನ್ಸ್ ಪ್ರತಿ ಅ ಬಳಿಯೂ ಸಾಲು ಮುರಿಯಿತು. ಮಾಮೂಲಿ ಹೊಸ ಸಾಲಿನ ಸಂಕೇತವಾದ 10ಕ್ಕೆ ಮಾತ್ರ ಒಡೆಯಿರಿ.

ಕೆಟ್ಟಿದ್ದಾಗ ಅಕ್ಷರಕ್ಕೆ 6–7 ಬೈಟು, ಈಗ 3. ಬ್ಯಾಕಪ್ ಫೈಲ್ ಹೆಚ್ಚುಕಮ್ಮಿ ಅರ್ಧಕ್ಕಿಳಿಯಿತು, ಅದರ ಬಾಡಿಗೆಯೂ.