ಮೊದಲ ಹಾಡಿನಲ್ಲೇ ತಡವರಿಸುತ್ತಿದ್ದ ಸಿಡಿ ಪ್ಲೇಯರ್: ನನ್ನ ಅನುಭವ

ಇಪ್ಪತ್ತೈದು ವರ್ಷಗಳಿಂದ ನಮ್ಮ ಮನೆಯಲ್ಲಿರುವ ದುಬಾರಿ ಸಿಡಿ ಪ್ಲೇಯರ್ ಕಳೆದ ಮಳೆಗಾಲದಲ್ಲಿ ಡಿಸ್ಕನ್ನು ಗುರುತಿಸಲು ತಡವರಿಸತೊಡಗಿತು. ಆ ಮಾದರಿಯ ತಯಾರಿಕೆ ಎಂದೋ ನಿಂತಿದೆ, ಅದರ ಲೇಸರ್ ಬಿಡಿಭಾಗವೂ ಈಗ ಸಿಗುವುದಿಲ್ಲ. ಲೇಸರ್ ಹೋಗಿದೆ ಎಂದು ರಿಪೇರಿಯವರು ಕೈಚೆಲ್ಲಿದರು.

ಆದರೆ ಗಮನವಿಟ್ಟು ಕೇಳಿದಾಗ ಮೊದಲ ಎರಡು ಹಾಡುಗಳು ಮಾತ್ರ ತೊಡರುತ್ತಿದ್ದವು, ಕೊನೆಯವು ಸರಾಗವಾಗಿ ಬರುತ್ತಿದ್ದವು. ಸಿಡಿಯನ್ನು ಲೇಸರ್ ಒಳಗಿನಿಂದ ಹೊರಕ್ಕೆ ಓದುತ್ತದೆ. ಅದರೆದುರು ಹಾದುಹೋಗುವ ಜಾಡಿನ ವೇಗ ಒಂದೇ ಸಮನಾಗಿರಬೇಕಾದ್ದರಿಂದ ಡಿಸ್ಕ್ ಒಳಭಾಗದಲ್ಲಿ ನಿಮಿಷಕ್ಕೆ ಸುಮಾರು 500 ಸುತ್ತು, ಹೊರ ಅಂಚಿನಲ್ಲಿ ಸುಮಾರು 200 ಸುತ್ತು ತಿರುಗುತ್ತದೆ. ಹೆಚ್ಚು ವೇಗ ಬೇಕಾದಲ್ಲೇ ತೊಂದರೆಯಿದ್ದುದರಿಂದ ನನ್ನ ಅನುಮಾನ ಡಿಸ್ಕ್ ತಿರುಗಿಸುವ ಪುಟ್ಟ ಮೋಟಾರಿನ ಕಡೆಗೆ ಹೊರಳಿತು. ಬೆರಳಿನಿಂದ ಮೆಲ್ಲಗೆ ತಿರುಗಿಸಿ ನೋಡಿದರೆ, ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ಅದು ಹಿಡಿದಂತಾಗುತ್ತಿತ್ತು.

ಗುಜರಿಗೆ ಹೋಗಲಿದ್ದ ಅಗ್ಗದ ಪ್ಲೇಯರೊಂದರಲ್ಲಿ ಅದೇ ಅಳತೆಯ, ಅದೇ ವೋಲ್ಟೇಜಿನ ಮೋಟಾರು ಸಿಕ್ಕಿತು. ಡಿಸ್ಕ್ ಕೂರುವ ತಟ್ಟೆಯನ್ನು ಕೀಳುವ ಮುನ್ನ ಅದರ ಎತ್ತರವನ್ನು ವರ್ನಿಯರ್ ಕ್ಯಾಲಿಪರಿನಲ್ಲಿ ಅಳೆದು ಬರೆದಿಟ್ಟುಕೊಳ್ಳಲೇಬೇಕು, ಏಕೆಂದರೆ ಲೇಸರ್ ಕಿರಣವನ್ನು ಡಿಸ್ಕಿನ ಮೇಲೆ ಕೇಂದ್ರೀಕರಿಸುವ ಲೆನ್ಸಿಗೆ ಮೇಲಕ್ಕೆ ಕೆಳಕ್ಕೆ ಚಲಿಸುವ ಅವಕಾಶ ಬಹಳ ಕಡಿಮೆ. ನಾನು ಮೊದಲು ತಟ್ಟೆಯನ್ನು ಕೂದಲೆಳೆಯಷ್ಟು ಹೆಚ್ಚು ಒತ್ತಿಬಿಟ್ಟೆ. ಡಿಸ್ಕ್ ಕೆಳಗೆ ತಾಗಿ ಸರಸರ ಸದ್ದು ಮಾಡಿತು. ಬರೆದಿಟ್ಟ ಅಳತೆಗೆ ಸರಿಪಡಿಸಿದ ಮೇಲೆ ಮೊದಲ ಹಾಡು ತಡೆಯಿಲ್ಲದೆ ಮೊಳಗಿತು.

ಲೇಸರಿನ ಶಕ್ತಿ ಹೆಚ್ಚಿಸುವ ಪುಟ್ಟ ತಿರುಪನ್ನು ಮಾತ್ರ ದಯವಿಟ್ಟು ಮುಟ್ಟಬೇಡಿ: ಅದು ನಾಲ್ಕು ದಿನ ಓಡಿಸಿ, ಮತ್ತೆಲ್ಲೂ ಸಿಗದ ಭಾಗದ ಆಯುಷ್ಯವನ್ನೇ ತಿಂದುಹಾಕುತ್ತದೆ.