ಎಡಿಎಚ್‌ಡಿ ಇಟ್ಟುಕೊಂಡು ಲೆಕ್ಕಪತ್ರದ ಕೆಲಸ: ನನ್ನ ಅನುಭವ

ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಿಗೆ ತಿಂಗಳೆಂದರೆ ಮೂರು ತಾರೀಖುಗಳು. 11ರೊಳಗೆ ಮಾರಾಟದ ವಿವರ ಕೊಡಬೇಕು, 14ಕ್ಕೆ ಖರೀದಿಯ ಪಟ್ಟಿ ಪೋರ್ಟಲ್‌ನಲ್ಲಿ ಬರುತ್ತದೆ, 20ರೊಳಗೆ ತೆರಿಗೆ ಕಟ್ಟಿ 3ಬಿ ಎಂಬ ತಿಂಗಳ ಸಾರಾಂಶ ರಿಟರ್ನ್ ಮುಗಿಸಬೇಕು. ತಪ್ಪಿದರೆ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕ. ಆ ಹೊರೆ ಬೀಳುವುದು ಉದ್ಯಮಬಾಗದಲ್ಲಿ ಸಣ್ಣ ಫೌಂಡ್ರಿ ನಡೆಸುವವರ ಮೇಲೆ, ಶಹಾಪುರದ ಸೀರೆ ಅಂಗಡಿಯವರ ಮೇಲೆ. ಬೆಳಗಾವಿಯಲ್ಲಿ ಈ ಕೆಲಸವನ್ನೇ ನಂಬಿಕೊಂಡಿರುವ ನನಗೆ ಎಡಿಎಚ್‌ಡಿ, ಅಂದರೆ ಗಮನ ಕೊರತೆಯ ತೊಂದರೆ ಇದೆ.

ಇದು ತಿಳಿವಳಿಕೆಯ ಕೊರತೆ ಎಂದು ಅನೇಕರು ಭಾವಿಸುತ್ತಾರೆ. ಏನು ಮಾಡಬೇಕೆಂಬುದು ನನಗೆ ಚೆನ್ನಾಗಿಯೇ ಗೊತ್ತಿರುತ್ತದೆ. ಗೊತ್ತಿರುವುದನ್ನು ಆ ಹೊತ್ತಿಗೆ ಕೈಗೆತ್ತಿಕೊಳ್ಳುವುದು, ಮಧ್ಯದಲ್ಲಿ ಬಿಡದಿರುವುದು, ಗಡುವು ದೂರವಿರುವಾಗಲೇ ಅದರ ಭಾರ ತಟ್ಟುವುದು, ಇವು ಮೂರೂ ಕಷ್ಟ. ಹಾಗಾಗಿ ನಾನು ನೆನಪನ್ನೂ ಸಮಯವನ್ನೂ ಕಣ್ಣಿಗೆ ಬೀಳುವ, ಕೈಗೆ ಸಿಗುವ ಜಾಗಕ್ಕೆ ತಂದಿಟ್ಟಿದ್ದೇನೆ.

ನನ್ನ ಕಚೇರಿಯ ಗೋಡೆಗೆ ಉದ್ದಕ್ಕೆ ಹಗ್ಗ ಕಟ್ಟಿದೆ. ಒಬ್ಬೊಬ್ಬ ಗ್ರಾಹಕರಿಗೆ ಒಂದೊಂದು ಕಾರ್ಡ್, ಬಟ್ಟೆಗೆ ಹಾಕುವ ಕ್ಲಿಪ್ಪಿನಿಂದ ಸಿಕ್ಕಿಸಿದ್ದು. ಬಿಲ್ಲು ಬಾರದವರು ಎಡತುದಿಯಲ್ಲಿ, ರಿಟರ್ನ್ ಸಲ್ಲಿಸಿಯಾದವರು ಬಲತುದಿಯಲ್ಲಿ. ಕಂಪ್ಯೂಟರಿನಲ್ಲಿ ಇದಕ್ಕಿಂತ ಅಂದವಾದ ಪಟ್ಟಿಗಳಿವೆ, ನಿಜ. ಆದರೆ ಪರದೆ ಮುಚ್ಚಿದರೆ ಆ ಪಟ್ಟಿ ನನ್ನ ಮಟ್ಟಿಗೆ ಇಲ್ಲದಂತೆಯೇ. ಗೋಡೆಯನ್ನು ಮುಚ್ಚಲಾಗುವುದಿಲ್ಲ. ಚಹಾ ಕುಡಿಯಲು ಎದ್ದರೂ ಎಡಬದಿಯ ಗುಂಪು ಕಾಣುತ್ತಲೇ ಇರುತ್ತದೆ.

ಎಲ್ಲಕ್ಕಿಂತ ಹೆಚ್ಚು ಕೆಲಸ ಕೆಡಿಸುವುದು ನಡುವೆ ಬರುವ ಕರೆ. ಸಾಮಾನ್ಯವಾಗಿ ಜನರು ಮಾತು ಮುಗಿಸಿ ಬಿಟ್ಟಲ್ಲಿಂದ ಮುಂದುವರಿಸುತ್ತಾರೆ. ನನಗೆ ಫೋನ್ ಇಡುವಷ್ಟರಲ್ಲಿ ಹಿಂದಿನ ಕೆಲಸದ ಎಳೆ ಪೂರ್ತಿ ಜಾರಿರುತ್ತದೆ, ಎದುರಿಗೆ ತೆರೆದಿರುವ ಕಡತ ಯಾರದೆಂದು ಮೊದಲಿನಿಂದ ನೋಡಬೇಕು. ಆದ್ದರಿಂದ ಮೇಜಿನ ಮೇಲೆ ಒಂದು ಚೀಟಿಯ ಕಟ್ಟು, ಅದಕ್ಕೆ ದಾರದಿಂದ ಕಟ್ಟಿದ ಪೆನ್ನು. ಫೋನ್ ಎಷ್ಟೇ ಬಡಿದುಕೊಳ್ಳಲಿ, ಮೊದಲು ಚೀಟಿಯ ಮೇಲೆ ಮುಂದಿನ ಹೆಜ್ಜೆ: ‘ಈಗ 43ನೇ ಬಿಲ್ಲು, ತೆರಿಗೆ ದರ ನೋಡು’. ಆಮೇಲೆ ಕರೆ. ‘ಪಾಟೀಲರ ಕೆಲಸ’ ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ, ಕೈ ಎಲ್ಲಿಂದ ಶುರುವಾಗಬೇಕೋ ಅದನ್ನೇ ಬರೆಯಬೇಕು. ಮನೆಯಲ್ಲೂ ಹೀಗೆಯೇ. ಒಲೆಯ ಮೇಲೆ ಬೇಳೆ ಇಟ್ಟು ಬಾಗಿಲಿಗೆ ಹೋಗುವಾಗ ಸೌಟು ಕೈಯಲ್ಲೇ ಇರುತ್ತದೆ. ಬಂದವರು ಸೌಟು ನೋಡಿ ನಗುತ್ತಾರೆ, ನಗಲಿ. ಬೇಳೆ ಸೀಯುವುದಿಲ್ಲ.

ನಿಜವಾದ ಗಡುವಿಗಿಂತ ಮೊದಲಿನ ತಾರೀಖೊಂದನ್ನು ನನಗೆ ನಾನೇ ಹಾಕಿಕೊಳ್ಳುವುದರಿಂದ ಏನೂ ಆಗಲಿಲ್ಲ. ನಾನೇ ಹಾಕಿದ ತಾರೀಖನ್ನು ನನ್ನ ಮನಸ್ಸು ನಂಬುವುದಿಲ್ಲ. ಅಲ್ಲಿ ಇನ್ನೊಬ್ಬ ಮನುಷ್ಯ ಬೇಕು. ಒಂದು ಫೌಂಡ್ರಿಯ ಹಿರಿಯರಿಗೆ ಹೇಳಿದೆ, “ಕಾಕಾ, 7ನೇ ತಾರೀಖು ಬೆಳಿಗ್ಗೆ ನಾನೇ ಬರುತ್ತೇನೆ. ನಿಮ್ಮ ಎದುರೇ ಕುಳಿತು ಎಂಟ್ರಿ ಮುಗಿಸುತ್ತೇನೆ. ನೀವು ಏನೂ ಕೇಳಬೇಡಿ, ಸುಮ್ಮನೆ ನಿಮ್ಮ ಕೆಲಸ ಮಾಡಿಕೊಳ್ಳಿ.” ಅವರು, “ಬಾ ತಂಗಿ, ಅದಕ್ಕೇನು, ಫ್ಯಾನಿನ ಕೆಳಗೆ ಕುಳಿತುಕೋ” ಎಂದರು. ಪಕ್ಕದಲ್ಲಿ ಒಬ್ಬರು ತಮ್ಮ ಪಾಡಿಗೆ ಕೆಲಸ ಮಾಡುತ್ತಿದ್ದರೆ ನನಗೆ ಶುರುಮಾಡುವುದು ಎಷ್ಟೋ ಸುಲಭ. ಈಗ ಹಲವು ಗ್ರಾಹಕರೊಂದಿಗೆ ಇದೇ ಕ್ರಮ. ಬೇರಾರೂ ಸಿಗದ ದಿನ ಗೆಳತಿಗೆ ವಿಡಿಯೊ ಕರೆ ಮಾಡಿ ಮೊಬೈಲನ್ನು ಡಬ್ಬಿಗೆ ಒರಗಿಸುತ್ತೇನೆ. ಇಬ್ಬರೂ ಮಾತಿಲ್ಲದೆ ನಮ್ಮ ನಮ್ಮ ಕೆಲಸ ಮಾಡುತ್ತೇವೆ.

ಸಮಯದ ಅಂದಾಜು ನನಗೆ ಸಿಗುವುದೇ ಇಲ್ಲವಾದ್ದರಿಂದ ಅಳೆದು ಬರೆದಿಟ್ಟೆ. ಮನೆಯಿಂದ ಟಿಳಕವಾಡಿಯ ಕಚೇರಿಗೆ ಹದಿನೈದು ನಿಮಿಷ ಎಂದು ಹೇಳುತ್ತಿದ್ದೆ. ಅದು ಗಾಡಿ ಓಡುವ ಹೊತ್ತು ಮಾತ್ರ. ಕೀಲಿ ಹುಡುಕಿ, ಬೀಗ ಹಾಕಿ, ರೈಲ್ವೆ ಗೇಟ್ ಬಿದ್ದಿದ್ದರೆ ಅಲ್ಲಿ ಕಾದು ಹೋಗುವುದು ಸೇರಿದರೆ ನಲವತ್ತು. ಬಾಗಿಲ ಒಳಬದಿಯಲ್ಲಿ ‘ಕಚೇರಿ: 40’ ಎಂದು ಅಂಟಿಸಿದೆ.

ಔಷಧದ ಬಗ್ಗೆ ಅಂಜಿಕೆ ಬೇಡ, ಉಡಾಫೆಯೂ ಬೇಡ. ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಎಂಬ ಮಾತ್ರೆ ಒಂದು ಗಂಟೆಯೊಳಗೆ ಕೆಲಸ ಶುರುಮಾಡುತ್ತದೆ. ಅದರ ಮೇಲೆ ಕಾನೂನಿನ ಹಿಡಿತವಿದೆ, ವೈದ್ಯರ ಚೀಟಿಯಿಲ್ಲದೆ ಸಿಗುವಂಥದ್ದಲ್ಲ. ನನಗೆ ಕೊಟ್ಟದ್ದು ಆಟೊಮೊಕ್ಸೆಟಿನ್ ಎಂಬ ಬೇರೆ ಔಷಧ. ಅದರ ಗುಣ ತಿಳಿಯಲು ವಾರಗಳೇ ಬೇಕು. ನನಗೆ ಶುರುವಿನಲ್ಲಿ ಹೊಟ್ಟೆ ತೊಳಸುತ್ತಿತ್ತು, ಊಟದ ಜೊತೆ ತೆಗೆದುಕೊಂಡಾಗ ಕಡಿಮೆಯಾಯಿತು. ಮಾತ್ರೆಯನ್ನು ವಾರದ ಖಾನೆಗಳಿರುವ ಡಬ್ಬಿಯಲ್ಲಿ ಹಾಕಿ ರೊಟ್ಟಿ ಬುಟ್ಟಿಯ ಪಕ್ಕ ಇಟ್ಟಿದ್ದೇನೆ. ನುಂಗಿದೆನೋ ಇಲ್ಲವೋ ಎಂಬ ಅನುಮಾನಕ್ಕೆ ಖಾನೆಯೇ ಉತ್ತರ. ಮಾತ್ರೆಯಿಂದ ಮನಸ್ಸು ಒಂದೆಡೆ ನಿಲ್ಲುವುದು ಸುಲಭವಾಗಿದೆ. ಆದರೆ ಹಗ್ಗ, ಚೀಟಿ, ಕಾಕಾ ಇಲ್ಲದೆ ನಡೆಯುವುದಿಲ್ಲ.

ನನಗೆ ತಡವಾಗಿ ಗೊತ್ತಾದದ್ದಕ್ಕೆ ಕಾರಣವಿದೆ. ತರಗತಿಯಲ್ಲಿ ಬೆಂಚಿನಿಂದ ಬೆಂಚಿಗೆ ಹಾರುವ ಹುಡುಗನನ್ನು ಎಲ್ಲರೂ ಗಮನಿಸುತ್ತಾರೆ. ಕಿಟಕಿಯಾಚೆ ನೋಡುತ್ತ ಸುಮ್ಮನೆ ಕುಳಿತ ಹುಡುಗಿಯಿಂದ ಯಾರಿಗೂ ತೊಂದರೆಯಿಲ್ಲ, ಆದ್ದರಿಂದ ಯಾರೂ ಕೇಳುವುದಿಲ್ಲ. ಮದುವೆಯಾದ ಮೇಲೆ ಅದೇ ಹುಡುಗಿಗೆ ‘ಸೋಮಾರಿ’, ‘ಮನೆಯ ಮೇಲೆ ಲಕ್ಷ್ಯವಿಲ್ಲ’ ಎಂಬ ಹೆಸರು ಬರುತ್ತದೆ. ಇದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಇದರಲ್ಲಿ ತಮ್ಮನ್ನು ಕಂಡುಕೊಂಡವರು ಮನೋವೈದ್ಯರ ಹತ್ತಿರ ಹೋಗಿ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನಮಗೆ ದೂರವಲ್ಲ, ಮೊದಲು ಮಾತಾಡಿ ನೋಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕನ್ನಡದಲ್ಲೇ ಕರೆ ಮಾಡಬಹುದು. ಥೈರಾಯ್ಡ್, ನಿದ್ರೆಯ ಕೊರತೆ, ಆತಂಕ, ಖಿನ್ನತೆ ಇವೂ ಇದೇ ರೀತಿ ಕಾಣಿಸಬಹುದಾದ್ದರಿಂದ ವೈದ್ಯರು ಅವನ್ನೂ ವಿಚಾರಿಸುತ್ತಾರೆ. ಮನೋವೈದ್ಯರು ರೋಗ ಗುರುತಿಸಲು 2013ರಿಂದ ಬಳಸುತ್ತಿರುವ ಡಿಎಸ್‌ಎಂ-5 ಎಂಬ ಕೈಪಿಡಿಯ ಮಾನದಂಡದ ಪ್ರಕಾರ ಲಕ್ಷಣಗಳಲ್ಲಿ ಹಲವು 12 ವರ್ಷಕ್ಕೆ ಮೊದಲೇ ಇದ್ದಿರಬೇಕು. ಹಾಗಾಗಿ ಹಳೆಯ ಶಾಲಾ ಪ್ರಗತಿಪತ್ರಗಳಿದ್ದರೆ ಒಯ್ಯಿರಿ, ನಿಮ್ಮ ಬಾಲ್ಯ ಕಂಡವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ನನ್ನ ಜೊತೆ ಅವ್ವ ಬಂದಿದ್ದಳು. ವೈದ್ಯರು ಕೇಳಿದ್ದಕ್ಕಿಂತ ಹೆಚ್ಚನ್ನೇ ಅವಳು ಹೇಳಿದಳು.